ಎಪ್ಪತ್ತೇಳರಲ್ಲಿ ಊರು ಬಿಟ್ಟವರು

ಈ ಸಲದ ಸಂಚಿಕೆಗೆ ನಮ್ಮ ಭಾಗದ ಹಿರಿಯರೊಬ್ಬರ ಜೀವನಚರಿತ್ರೆ ಬರೆದು ಕೊಡಿ ಎಂದು ಕನ್ನಡ ಸರ್ ಹೇಳಿದಾಗ ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಹಜರತ್ ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಅವರ ಹೆಸರು ಹೇಳಿಬಿಟ್ಟೆ. ಕಲಬುರಗಿ ದರ್ಗಾ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರಿದ್ದಾರೆ? ಸುಲಭವಾಗಿ ಬರೆಯಬಹುದು ಎಂದುಕೊಂಡಿದ್ದೆ. ಓದುತ್ತ ಹೋದ ಹಾಗೆ ನನಗೆ ಗೊತ್ತಿದ್ದದ್ದು ದರ್ಗಾ ಮಾತ್ರ, ಅಲ್ಲಿ ಮಲಗಿರುವವರಲ್ಲ ಎಂದು ತಿಳಿಯಿತು.

ಓದಲು ಇನ್ನೊಂದು ಕಾರಣವೂ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದಾದಾ ದರ್ಜಿ. ನಾರಾಯಣಪುರದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆ ಮಕ್ಕಳ ಸಮವಸ್ತ್ರ, ರೈತರ ನೆಹರು ಅಂಗಿ, ಪೈಜಾಮ ಹೊಲಿದವರು. ಅವರಿಗೆ ಈಗ ಎಪ್ಪತ್ತೇಳು ವರ್ಷ. ದಾದಿ ತೀರಿಕೊಂಡ ಮೇಲೆ ಅವರು ಮಷೀನಿಗೆ ಬಟ್ಟೆ ಹೊದಿಸಿ ಬಾಗಿಲ ಬಳಿ ಹೊರಸಿನ ಮೇಲೆ ಕುಳಿತುಬಿಟ್ಟರು. ಸೂಜಿಯ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದರು. ಹೋದ ವರ್ಷ ಒಂದು ದಿನ ಸುರಪುರಕ್ಕೆ ಹೋಗಿ ಬಿಳಿ ಬಟ್ಟೆ ತಂದರು. ಯಾರ ಅಂಗಿಗೆ ಎಂದು ಅಮ್ಮಿ ಕೇಳಿದರು. ದಾದಾ ಅದನ್ನು ಮಡಚಿ, ಅತ್ತರಿನ ಸೀಸೆಯ ಜೊತೆ ಟ್ರಂಕಿನಲ್ಲಿಟ್ಟು, ತಮ್ಮದೇ ಕಫನ್ ಎಂದರು. ಅಮ್ಮಿ ಅತ್ತರು. ಅಬ್ಬಾ ಸಿಟ್ಟಾದರು. ನಾನು ಎರಡು ದಿನ ಆ ಟ್ರಂಕು ಇದ್ದ ಕೋಣೆಗೆ ಹೋಗಲಿಲ್ಲ. ದಾದಾ ಮಾತ್ರ, ಅರವತ್ತು ವರ್ಷ ಹೊಲಿದವನ ಕೊನೆಯ ಬಟ್ಟೆಗೆ ಹೊಲಿಗೆಯೇ ಇಲ್ಲ ನೋಡು ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈ ಹೊತ್ತಿನಲ್ಲಿ ನಾನು ಖ್ವಾಜಾ ಸಾಹೇಬರ ಚರಿತ್ರೆ ಓದಲು ಕುಳಿತದ್ದು.

ವಾಣಿಜ್ಯ ವಿಭಾಗದವನಾದ್ದರಿಂದ ಮೊದಲು ಇಸವಿಗಳ ಮೇಲೆ ಕಣ್ಣು ಹೋಯಿತು. ಅವರು ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ತೀರಿಕೊಂಡದ್ದು 1422ರಲ್ಲಿ, ಕಲಬುರಗಿಯಲ್ಲಿ. ಕಳೆದರೆ 101. ಆದರೆ ಮನೆಯಲ್ಲಿದ್ದ ಉರ್ದು ಪುಸ್ತಕದಲ್ಲಿ 104 ಎಂದಿತ್ತು. ಮುದ್ರಣದ ತಪ್ಪಿರಬೇಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಎರಡೂ ಸರಿ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಪ್ರತಿ ವರ್ಷ ಹನ್ನೊಂದು ದಿನ ಕಡಿಮೆ. ಹಾಗಾಗಿ ಮೂವತ್ತಮೂರು ಸೂರ್ಯವರ್ಷ ಮುಗಿಯುವಷ್ಟರಲ್ಲಿ ಚಂದ್ರನ ಲೆಕ್ಕದಲ್ಲಿ ಮೂವತ್ತನಾಲ್ಕು ಆಗಿರುತ್ತದೆ. ಹಿಜರಿ 721ರ ರಜಬ್ ತಿಂಗಳಲ್ಲಿ ಹುಟ್ಟಿ, 825ರ ಜಿಲ್ಕಾದ್ 16ರಂದು ತೀರಿಕೊಂಡವರಿಗೆ ನೂರನಾಲ್ಕು ದಾಟಿತ್ತು. ಉರುಸ್ ಪ್ರತಿ ವರ್ಷ ಹಿಂದೆ ಹಿಂದೆ ಸರಿದು ಬರುವುದೂ ಇದೇ ಲೆಕ್ಕದಿಂದ.

ಅವರ ನಿಜವಾದ ಹೆಸರು ಸೈಯದ್ ಮುಹಮ್ಮದ್ ಹುಸೈನಿ. ಗೇಸುದರಾಜ್ ಎಂದರೆ ಉದ್ದ ಕೂದಲಿನವರು, ಬಂದೇ ನವಾಜ್ ಎಂದರೆ ದೇವರ ದಾಸರನ್ನು ಪೊರೆಯುವವರು. ಇವು ಜನ ಕೊಟ್ಟ ಹೆಸರುಗಳು.

ಬಾಲ್ಯ ಸುಖವಾಗಿರಲಿಲ್ಲ. ಮುಹಮ್ಮದ್ ಬಿನ್ ತುಘಲಕ್ 1327ರ ಸುಮಾರಿಗೆ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಬದಲಾಯಿಸಿದ್ದನ್ನು ನಾವು ಹೈಸ್ಕೂಲಿನಲ್ಲಿ ಓದಿದ್ದೇವೆ. ಆಗ ಕ್ಲಾಸಿನಲ್ಲಿ ಎಲ್ಲರೂ ನಕ್ಕಿದ್ದೆವು. ನಾನೂ ನಕ್ಕಿದ್ದೆ. ಆದರೆ ಆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಹೋದವರಲ್ಲಿ ಆರೇಳು ವರ್ಷದ ಈ ಹುಡುಗನೂ ಇದ್ದ ಎಂದು ಯಾರೂ ಹೇಳಿರಲಿಲ್ಲ. ತಂದೆ ಸೈಯದ್ ಯೂಸುಫ್ ಹುಸೈನಿ ಕುಟುಂಬ ಸಮೇತ ದೌಲತಾಬಾದಿಗೆ ಹೊರಟರು. ಅಲ್ಲಿಗೆ ಹೋಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅವರ ಸಮಾಧಿ ಈಗಲೂ ದೌಲತಾಬಾದಿನ ಹತ್ತಿರದ ಖುಲ್ದಾಬಾದಿನಲ್ಲಿದೆ. ಹುಡುಗನಿಗೆ ಆಗ ಸುಮಾರು ಹತ್ತು ವರ್ಷ. ಸುಮಾರು ಹದಿನೈದನೇ ವಯಸ್ಸಿನಲ್ಲಿ ತಾಯಿಯ ಜೊತೆ ದಿಲ್ಲಿಗೆ ಮರಳಿದರು. ತಂದೆಯ ಗೋರಿ ದಕ್ಷಿಣದಲ್ಲಿ ಉಳಿಯಿತು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ದಿಲ್ಲಿಯಲ್ಲಿ ಅವರಿಗೆ ಗುರು ಸಿಕ್ಕರು. ಹಜರತ್ ನಿಜಾಮುದ್ದೀನ್ ಔಲಿಯಾ ಅವರ ಉತ್ತರಾಧಿಕಾರಿಯಾಗಿದ್ದ ಶೇಖ್ ನಸೀರುದ್ದೀನ್, ದಿಲ್ಲಿಯ ದೀಪ ಎಂಬ ಅರ್ಥದಲ್ಲಿ ಜನ ಚಿರಾಗ್ ದೆಹಲವಿ ಎಂದು ಕರೆದವರು. ಉದ್ದ ಕೂದಲಿನ ಕಥೆ ಈ ದಿನಗಳದ್ದು. ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಶಿಷ್ಯನ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆಯಾಗುತ್ತದೆ ಎಂದು ನೋವು ತಡೆದುಕೊಂಡೇ ದಾರಿ ಮುಗಿಸಿದರಂತೆ. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ನನಗೆ ಹೆಚ್ಚು ತಟ್ಟಿದ್ದು ಆ ಗುರುವಿನ ಕೊನೆಯ ವರ್ಷಗಳ ಸಂಗತಿ. ಒಬ್ಬ ಕಲಂದರ್ ಅವರ ಕೋಣೆಗೆ ನುಗ್ಗಿ ಚೂರಿಯಿಂದ ಅನೇಕ ಸಲ ಇರಿದ. ಧ್ಯಾನದಲ್ಲಿದ್ದ ಶೇಖ್ ಕದಲಲಿಲ್ಲ. ಮೋರಿಯಲ್ಲಿ ರಕ್ತ ಹರಿದು ಬಂದದ್ದನ್ನು ನೋಡಿ ಶಿಷ್ಯರು ಒಳಗೆ ಓಡಿದರು ಎಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಅವನನ್ನು ಮುಟ್ಟಬಾರದು ಎಂದು ಶೇಖ್ ಶಿಷ್ಯರಿಂದ ಮಾತು ತೆಗೆದುಕೊಂಡರು. ಇರಿಯುವಾಗ ಅವನ ಕೈಗೆ ನೋವಾಗಿರಬಹುದು ಎಂದು ಹಣ ಕೊಟ್ಟು ಕಳಿಸಿದರಂತೆ. ಅದಾದ ಮೇಲೂ ಕೆಲವು ವರ್ಷ ಬದುಕಿದ್ದು, 1356ರಲ್ಲಿ ತೀರಿಕೊಂಡರು.

ಗುರುಗಳು ತಮ್ಮ ನಂತರ ಒಬ್ಬ ಶಿಷ್ಯನಿಗೆ ನಿಲುವಂಗಿ, ಕೋಲು, ತಸ್ಬೀಹ್ ಕೊಟ್ಟು ಹೋಗುವುದು ರೂಢಿ. ಚಿರಾಗ್ ದೆಹಲವಿ ತಮ್ಮ ಗುರುವಿನಿಂದ ಬಂದ ಆ ವಸ್ತುಗಳನ್ನು ಯಾರಿಗೂ ಕೊಡಲಿಲ್ಲ. ತನ್ನ ಜೊತೆಗೇ ಮಣ್ಣಿಗೆ ಇಡಿ ಎಂದರು, ಹಾಗೆಯೇ ಇಟ್ಟರು. ಎಷ್ಟೋ ವರ್ಷ ಸೇವೆ ಮಾಡಿದ ಶಿಷ್ಯನಿಗೆ ಕೈಗೆ ಏನೂ ಬರಲಿಲ್ಲ. ಆಗ ಸೈಯದ್ ಮುಹಮ್ಮದ್ ಅವರಿಗೆ ಮೂವತ್ತೈದು ವರ್ಷ. ಗುರುವಿನ ದೇಹಕ್ಕೆ ಗುಸುಲ್ ಮಾಡಿಸಿದ ಮೇಲೆ, ಆ ಹೊರಸಿನ ಹಗ್ಗವನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು, ತನಗೆ ಇದೇ ನಿಲುವಂಗಿ, ಇದೇ ಸಾಕು ಎಂದುಕೊಂಡರಂತೆ. ಈ ಭಾಗ ಓದುವಾಗ ನಮ್ಮ ದಾದಾ ಎದುರಿಗೇ ಹೊರಸಿನ ಮೇಲೆ ಮಲಗಿದ್ದರು. ಅದು ನುಲಿಯ ಹಗ್ಗದ ಹಳೆಯ ಹೊರಸು, ನಡುವೆ ಜೋತುಬಿದ್ದಿದೆ. ಪ್ರತಿ ದೀಪಾವಳಿ ಹೊತ್ತಿಗೆ ಬಿಗಿ ಮಾಡಿಸಬೇಕು ಎಂದುಕೊಳ್ಳುತ್ತೇವೆ, ಮಾಡಿಸುವುದಿಲ್ಲ.

ಮುಂದಿನ ನಲವತ್ತೆರಡು ವರ್ಷಗಳನ್ನು ನಾನು ಬೇಗ ದಾಟುತ್ತೇನೆ. ದಿಲ್ಲಿಯಲ್ಲೇ ಇದ್ದು ಪಾಠ ಹೇಳಿದರು. ತಾಯಿಯ ಒತ್ತಾಯದಿಂದ ನಲವತ್ತನೇ ವಯಸ್ಸಿನಲ್ಲಿ ಮದುವೆಯಾದರು. ಅಕ್ಬರ್ ಹುಸೈನಿ, ಅಸ್ಗರ್ ಹುಸೈನಿ ಎಂಬ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ದೊಡ್ಡ ಹೆಸರಾಯಿತು. ಸಾಮಾನ್ಯವಾಗಿ ಒಂದು ಜೀವನಚರಿತ್ರೆ ಇಲ್ಲಿಗೆ ಮುಗಿಯಬೇಕು. ಎಪ್ಪತ್ತೇಳು ವರ್ಷದ ಗೌರವಾನ್ವಿತ ಗುರು, ಸುತ್ತ ಶಿಷ್ಯರು, ಮಕ್ಕಳು. ಇನ್ನು ಉಳಿದದ್ದು ಒಂದೇ ಎಂದು ಯಾರಾದರೂ ಹೇಳಬಹುದಿತ್ತು.

1398ರ ಡಿಸೆಂಬರಿನಲ್ಲಿ ತೈಮೂರನ ದಂಡು ದಿಲ್ಲಿಗೆ ಬಂತು. ನಗರವನ್ನು ಸುಲಿಗೆ ಮಾಡಿದರು, ಕೊಂದರು, ಕುಶಲಕರ್ಮಿಗಳನ್ನು ಹಿಡಿದು ಸಮರಕಂದಕ್ಕೆ ಸಾಗಿಸಿದರು. ಆ ತಿಂಗಳಲ್ಲೇ ಸೈಯದ್ ಮುಹಮ್ಮದ್ ಹುಸೈನಿ ಮನೆಮಂದಿಯನ್ನೂ ಶಿಷ್ಯರನ್ನೂ ಕರೆದುಕೊಂಡು ದಿಲ್ಲಿ ಬಿಟ್ಟರು. ಡಿಸೆಂಬರ್ ತಿಂಗಳ ದಿಲ್ಲಿಯ ಚಳಿಯಲ್ಲಿ, ದಾದಾನ ವಯಸ್ಸಿನವರು.

ನನಗೆ ಇಲ್ಲಿ ಓದು ನಿಂತುಹೋಯಿತು. ದಾದಾ ಊರು ಬಿಟ್ಟದ್ದು ಅವರ ಮೂವತ್ತಮೂರನೇ ವಯಸ್ಸಿನಲ್ಲಿ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದರಲ್ಲ, ಈಗ ನಾವು ಬಸವಸಾಗರ ಎನ್ನುವುದು, 1982ರಲ್ಲಿ ಮುಗಿದದ್ದು. ಆ ಹಿನ್ನೀರಿನಲ್ಲಿ ಅವರ ಮನೆ ಮುಳುಗಿತು. ಚಕ್ಕಡಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಇಲ್ಲಿಗೆ ಬಂದರು. ಆ ಮಾತು ಬಂದರೆ ಈಗಲೂ ಅವರು ಸುಮ್ಮನಾಗುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಂದೆರಡು ಸಲ ಹೋಗಿ ನೋಡಿ ಬಂದಿದ್ದಾರೆ. ಮೂವತ್ತಮೂರರಲ್ಲಿ ಬಿಟ್ಟದ್ದೇ ಇಷ್ಟು ವರ್ಷ ಚುಚ್ಚುವುದಾದರೆ ಎಪ್ಪತ್ತೇಳರಲ್ಲಿ ಬಿಡುವುದು ಹೇಗಿರುತ್ತದೆ? ನನಗೆ ಹದಿನೇಳು. ಊಹಿಸಲು ಆಗಲಿಲ್ಲ. ದಾದಾನನ್ನೇ ಕೇಳಿದೆ. ಅವರು ತೈಮೂರನ ಬಗ್ಗೆ ಏನೂ ಹೇಳಲಿಲ್ಲ. ಆ ವಯಸ್ಸಿನಲ್ಲಿ ಮೊಣಕಾಲು ಹೇಗಿದ್ದವು ಎಂದು ಪುಸ್ತಕದಲ್ಲಿ ಬರೆದಿದೆಯೇ ಎಂದು ಕೇಳಿದರು. ಇರಲಿಲ್ಲ.

ದಾರಿ ಮಾತ್ರ ಬರೆದಿದೆ. ಶಿಷ್ಯರಾದ ಮುಹಮ್ಮದ್ ಅಲಿ ಸಾಮಾನಿ ಗುರುಗಳು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಬರೆದ ಸಿಯರ್-ಎ-ಮುಹಮ್ಮದಿ ಎಂಬ ಚರಿತ್ರೆಯಲ್ಲಿ ಈ ಪ್ರಯಾಣವಿದೆ. ಗ್ವಾಲಿಯರ್, ಚಂದೇರಿ, ಆಮೇಲೆ ಗುಜರಾತ್. ಅವಸರದ ಓಟವಲ್ಲ ಅದು. ಅಲ್ಲಲ್ಲಿ ತಿಂಗಳುಗಟ್ಟಲೆ ನಿಂತರು. ನಿಂತಲ್ಲೆಲ್ಲ ಜನ ಸೇರಿದರು, ನಿಂತಲ್ಲೆಲ್ಲ ಪಾಠವಾಯಿತು. ಹಿರಿಯ ಮಗ ಅಕ್ಬರ್ ಹುಸೈನಿ ತಂದೆ ಹೇಳಿದ್ದನ್ನು ಬರೆದಿಟ್ಟುಕೊಂಡರು. 1399 ಮತ್ತು 1400ರ ಹೊತ್ತಿನ ಆ ಬರಹವೇ ಜವಾಮಿ-ಉಲ್-ಕಲಿಮ್ ಎಂಬ ಗ್ರಂಥ. ಮನೆ ಇಲ್ಲದ ದಿನಗಳಲ್ಲಿ, ಇನ್ನೆಲ್ಲಿ ನೆಲೆ ಎಂದು ಗೊತ್ತಿಲ್ಲದೆ ಇದ್ದಾಗ ಅದು ಹುಟ್ಟಿತು. ಅಕ್ಬರ್ ಹುಸೈನಿಯವರು ಯಾಕೆ ಆಗಲೇ ಬರೆಯಲು ಶುರು ಮಾಡಿದರು ಎಂದು ನಾನು ಯೋಚಿಸಿದೆ. ತಂದೆಗೆ ಎಂಬತ್ತು ಹತ್ತಿರವಾಗಿದೆ, ಇನ್ನೆಷ್ಟು ದಿನವೋ ಎಂದು ಮಗನಿಗೆ ಅನ್ನಿಸಿರಬೇಕು. ಇದು ನನ್ನ ಊಹೆ.

ಗುಜರಾತಿನಿಂದ ಅವರು ದೌಲತಾಬಾದಿಗೆ ಬಂದರು, ತಂದೆಯ ಗೋರಿಗೆ ಫಾತಿಹಾ ಓದಲು. ಹದಿನೈದರ ಹುಡುಗನಾಗಿ ಬಿಟ್ಟು ಹೋಗಿದ್ದ ನೆಲಕ್ಕೆ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬಂದರು. ಈ ದೃಶ್ಯದ ವಿವರ ನನಗೆ ಎಲ್ಲೂ ಸಿಗಲಿಲ್ಲ, ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ನನಗಾದರೆ ಇಡೀ ಚರಿತ್ರೆಯಲ್ಲಿ ಇದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಎನಿಸಿತು. ತಂದೆ ತೀರಿಕೊಂಡಾಗ ಹತ್ತು ವರ್ಷದವನಾಗಿದ್ದ ಮಗ, ಬಿಳಿ ಗಡ್ಡದ ಮುದುಕನಾಗಿ ಅದೇ ಗೋರಿಯ ಮುಂದೆ ಕೈ ಎತ್ತಿ ನಿಂತಿದ್ದಾನೆ.

ಅಲ್ಲಿಂದ ಅವರನ್ನು ಕಲಬುರಗಿಗೆ ಕರೆದವನು ಬಹಮನಿ ಸುಲ್ತಾನ ಫಿರೋಜ್ ಶಾಹ. 1400ರ ಆಸುಪಾಸಿನಲ್ಲಿ ಕಲಬುರಗಿಗೆ ಬಂದರು. ಸುಲ್ತಾನ ಪರಿವಾರ ಸಮೇತ ಎದುರುಗೊಂಡ. ಕೋಟೆಯ ಹತ್ತಿರ ಖಾನಖಾಹ್‌ಗೆ ಜಾಗ ಸಿಕ್ಕಿತು. ಎಂಬತ್ತರ ಹತ್ತಿರದಲ್ಲಿ ಹೊಸ ಊರು, ಹೊಸ ಭಾಷೆಗಳ ಜನ, ಮೊದಲಿನಿಂದ ಪಾಠ ಶುರು.

ಫಿರೋಜ್ ಶಾಹ ಸಾಮಾನ್ಯ ದೊರೆಯಲ್ಲ. ಅನೇಕ ಭಾಷೆ ಬಲ್ಲವನು, ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ತೊಡಗಿದವನು. ನಮ್ಮ ಕೃಷ್ಣೆಯ ಆಚೆ ದಂಡೆಯಿಂದ ತುಂಗಭದ್ರೆಯವರೆಗಿನ ರಾಯಚೂರು ದೋಆಬಿಗಾಗಿ ವಿಜಯನಗರದ ಜೊತೆ ಕಾದಾಡಿದವನು. ಆದರೆ ಸುಲ್ತಾನನಿಗೂ ಗುರುವಿಗೂ ಬಹಳ ದಿನ ಸರಿಹೋಗಲಿಲ್ಲ. ಇತಿಹಾಸಕಾರ ಫರಿಶ್ತಾ ಬರೆದಿರುವ ಪ್ರಕಾರ ಪುಸ್ತಕದ ವಿದ್ಯೆಯಲ್ಲಿ ಗುರು ತನಗೆ ಸಮ ಇಲ್ಲ ಎಂದು ಫಿರೋಜನಿಗೆ ಅನಿಸಿತು. ಆದರೆ ಅವನ ತಮ್ಮ ಅಹಮದ್ ಖಾನ್ ಖಾನಖಾಹ್‌ಗೆ ಬಂದು ಕೂರುತ್ತಿದ್ದ. ತನ್ನ ಮಗ ಹಸನ್ ಖಾನನನ್ನು ಪಟ್ಟಕ್ಕೆ ತರಬೇಕೆಂದಿದ್ದ ಸುಲ್ತಾನ ಗುರುವಿನ ಆಶೀರ್ವಾದ ಕೇಳಿಸಿದ. ಸಿಕ್ಕಲಿಲ್ಲ. ಪಟ್ಟ ತಮ್ಮನಿಗೆ ಹೋಗುತ್ತದೆ ಎಂದು ಗುರು ಹೇಳಿದರು. ಅದಾದ ಮೇಲೆ ಖಾನಖಾಹ್‌ನಲ್ಲಿ ಸೇರುವ ಜನರಿಂದ ಕೋಟೆಗೆ ತೊಂದರೆ ಎಂದು ನೆಪ ಬಂತು. ಜಾಗ ಖಾಲಿ ಮಾಡಿ ಎಂದು ಆಜ್ಞೆಯಾಯಿತು.

ನೋಡಿ, ಕರೆಸಿಕೊಂಡವನೇ ಎಬ್ಬಿಸುತ್ತಿದ್ದಾನೆ. ಈಗ ಅವರು ಇನ್ನೂ ಮುದುಕರು. ಜಗಳ ಮಾಡಬಹುದಿತ್ತು. ಜನ ಅವರ ಕಡೆಗೇ ಇದ್ದರು, ಸುಲ್ತಾನನ ತಮ್ಮನೇ ಅವರ ಕಡೆಗಿದ್ದ. ಅವರು ಎದ್ದು ಊರ ಹೊರಗೆ ಹೋದರು. ಈಗ ದರ್ಗಾ ಇರುವುದೇ ಆ ಜಾಗ. ಅಂದರೆ ಇವತ್ತು ಸಾವಿರಾರು ಜನ ಹುಡುಕಿಕೊಂಡು ಹೋಗುವ ಸ್ಥಳ ಅವರು ಆರಿಸಿಕೊಂಡದ್ದಲ್ಲ, ಅವರನ್ನು ತಳ್ಳಿದ ಜಾಗ. ಕೋಟೆಯ ಒಳಗೆ ಮಾತ್ರ, 1367ರ ಆ ದೊಡ್ಡ ಜಾಮಿಯಾ ಮಸೀದಿಯನ್ನು ಬಿಟ್ಟರೆ, ಈಗ ನೋಡಲು ಹೆಚ್ಚೇನೂ ಉಳಿದಿಲ್ಲ.

ಹೊಸ ಜಾಗದಲ್ಲೂ ಕೆಲಸ ಅದೇ. ಪಾಠ, ನಮಾಜು, ಬರವಣಿಗೆ. ಅವರ ವಯಸ್ಸು ಎಷ್ಟೋ ಅಷ್ಟು ಪುಸ್ತಕ ಬರೆದರು ಎಂದು ನಮ್ಮ ಕಡೆ ಜನ ಹೇಳುತ್ತಾರೆ. ಅಷ್ಟೂ ಉಳಿದಿಲ್ಲ. ಉಳಿದಿರುವ ಅರಬಿ, ಪಾರಸಿ ಗ್ರಂಥಗಳಲ್ಲಿ ಅಸ್ಮಾರುಲ್ ಅಸ್ರಾರ್ ಹೆಸರಾದದ್ದು. ಮಿರಾಜುಲ್ ಆಶಿಕೀನ್ ಅವರು ಬರೆದ ದಖನಿಯ ಮೊದಲ ಗದ್ಯ ಪುಸ್ತಕ ಎಂದು ನಮಗೆ ಉರ್ದು ಪಾಠದಲ್ಲಿ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದಿದ್ದೇನೆ ಕೂಡ. ಅದು ಅವರದಲ್ಲ, ನಂತರದ ಕಾಲದ್ದು ಎಂದು ವಿದ್ವಾಂಸರು ಆಮೇಲೆ ವಾದಿಸಿದ್ದಾರೆ. ಆ ಅಂಕ ಹಿಂದಕ್ಕೆ ಕೊಡಲು ನಾನು ತಯಾರಿಲ್ಲ.

1409ರಲ್ಲಿ ಅಕ್ಬರ್ ಹುಸೈನಿ ತೀರಿಕೊಂಡರು.

ಪ್ರಯಾಣದುದ್ದಕ್ಕೂ ತಂದೆಯ ಮಾತು ಬರೆದುಕೊಂಡ ಮಗ, ಉತ್ತರಾಧಿಕಾರಿ ಎಂದು ಎಲ್ಲರೂ ನೋಡುತ್ತಿದ್ದ ಮಗ. ತಂದೆಗೆ ಆಗ ಎಂಬತ್ತೆಂಟು. ತಂದೆ ಹೋಗುತ್ತಾರೆ ಎಂದು ಮಗ ಬರೆದಿಟ್ಟುಕೊಂಡ, ಹೋದದ್ದು ಮಗ. ಮುಸ್ಲಿಂ ಮನೆಗಳಲ್ಲಿ ಇಂಥ ಹೊತ್ತಿಗೆ ಎಲ್ಲರೂ ಹೇಳುವ ಮಾತು ಸಬರ್. ದಾದಿಯ ಮಯ್ಯತ್ ದಿನ ಬಂದವರೆಲ್ಲ ನಮಗೂ ಅದನ್ನೇ ಹೇಳಿದರು. ನನಗೆ ಆ ಮಾತಿನ ಮೇಲೆ ಸಿಟ್ಟಿತ್ತು. ಅಳಬೇಡ, ಸುಮ್ಮನಿರು ಎಂದು ಹೇಳಲು ಒಂದು ಮರ್ಯಾದೆಯ ಶಬ್ದ ಎಂದುಕೊಂಡಿದ್ದೆ. ಆದರೆ ಪ್ರವಾದಿಯವರು ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅತ್ತಿದ್ದರು ಎಂದು ನಾವು ದೀನಿಯಾತ್ ತರಗತಿಯಲ್ಲಿ ಓದಿದ್ದೇವೆ. ಅಳುವುದು ಸಬರ್‌ಗೆ ವಿರುದ್ಧವಲ್ಲ. ಖ್ವಾಜಾ ಸಾಹೇಬರು ಮಗನನ್ನು ಮಣ್ಣಿಗಿಟ್ಟ ದಿನ ಅತ್ತರೋ ಇಲ್ಲವೋ, ಅದಾದ ಮೇಲೆ ಹದಿಮೂರು ವರ್ಷ ಬದುಕಿದರು ಎಂಬುದು ನಮಗೆ ಗೊತ್ತು. ಆ ಹದಿಮೂರು ವರ್ಷ ಅವರು ಮೂಲೆ ಹಿಡಿದು ಕೂರಲಿಲ್ಲ. ಬಂದವರಿಗೆ ಬಾಗಿಲು ತೆರೆದೇ ಇತ್ತು, ಪಾಠ ನಡೆದೇ ಇತ್ತು. ಜವಾಬ್ದಾರಿ ಕಿರಿಯ ಮಗ ಅಸ್ಗರ್ ಹುಸೈನಿಯವರ ಕಡೆಗೆ ಬಂತು.

ಗೆಳೆಯರೇ, ನಾನು ಹರಕೆ, ಮುರಾದುಗಳ ಬಗ್ಗೆ ಬರೆಯುತ್ತಿಲ್ಲ. ನಮ್ಮ ಕ್ಲಾಸಿನಲ್ಲೇ ದರ್ಗಾಕ್ಕೆ ಹೋಗುವವರಿದ್ದಾರೆ, ಹೋಗದವರಿದ್ದಾರೆ, ಊಟದ ಬಿಡುವಿನಲ್ಲಿ ಆ ವಾದ ಮುಗಿಯುವುದೇ ಇಲ್ಲ. ಅವರ ಪವಾಡದ ಕಥೆಗಳೂ ಬಹಳ ಇವೆ. ನನಗೆ ಅವುಗಳಿಗಿಂತ ಎಂಬತ್ತೆಂಟನೇ ವಯಸ್ಸಿನಲ್ಲಿ ಮಗನನ್ನು ಕಳೆದುಕೊಂಡವರು ಮರುದಿನದ ಫಜರ್ ನಮಾಜಿಗೆ ಎದ್ದಿರಬೇಕಲ್ಲ, ಅದು ದೊಡ್ಡದಾಗಿ ಕಂಡಿತು.

ಫಿರೋಜ್ ಶಾಹನ ಕೊನೆಯ ವರ್ಷಗಳು ಬೇರೆ ರೀತಿ ಕಳೆದವು. ಪಾನಗಲ್ಲಿನ ಯುದ್ಧದಲ್ಲಿ ಸೋತು ಬಂದ ಮೇಲೆ ಆರೋಗ್ಯ ಕೆಟ್ಟಿತು. ತನ್ನ ನಂತರ ಯಾರು ಎಂಬ ಚಿಂತೆ ಬಿಡಲಿಲ್ಲ. ತಮ್ಮನ ಕಣ್ಣು ಕೀಳಿಸಬೇಕೆಂಬ ಯೋಚನೆಯವರೆಗೂ ಹೋದ ಎಂದು ಚರಿತ್ರೆ ಹೇಳುತ್ತದೆ. ತಮ್ಮ ತಪ್ಪಿಸಿಕೊಂಡು ದಂಡು ಕಟ್ಟಿಕೊಂಡು ಬಂದ. 1422ರ ಸೆಪ್ಟೆಂಬರಿನಲ್ಲಿ ಫಿರೋಜ್ ಪಟ್ಟ ಬಿಟ್ಟುಕೊಟ್ಟ, ಅಹಮದ್ ಶಾಹ ಸುಲ್ತಾನನಾದ. ಕೆಲವೇ ದಿನಗಳಲ್ಲಿ ಫಿರೋಜ್ ಸತ್ತ. ಅವನ ಗೋರಿ ಹಫ್ತ್ ಗುಂಬಜ್‌ನಲ್ಲಿದೆ, ದರ್ಗಾದಿಂದ ದೂರವೇನಿಲ್ಲ. ಸುಮಾರು ಒಂದು ತಿಂಗಳ ನಂತರ, ನವೆಂಬರ್ 1ರಂದು, ಅವನು ಕೋಟೆಯ ಬಳಿಯಿಂದ ಎಬ್ಬಿಸಿದ್ದ ಗುರುವೂ ತೀರಿಕೊಂಡರು.

ಹೊಸ ಸುಲ್ತಾನ ಗುರುವಿನ ಗೋರಿಯ ಮೇಲೆ ದೊಡ್ಡ ಗುಂಬಜ್ ಕಟ್ಟಿಸಿದ, ಖಾನಖಾಹ್‌ಗೆ ಹಳ್ಳಿಗಳನ್ನು ಉಂಬಳಿ ಬಿಟ್ಟ. ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದ. ಬಾಲ್ಯದಲ್ಲಿ ಒಬ್ಬ ಸುಲ್ತಾನ ರಾಜಧಾನಿ ಬದಲಿಸಿದ್ದಕ್ಕೆ ದೇಶ ಸುತ್ತಿದವರು, ಈ ಸಲ ಕದಲಲಿಲ್ಲ.

ಇಷ್ಟು ಬರೆದ ಮೇಲೆ ಒಮ್ಮೆ ಹೋಗಿ ನೋಡಬೇಕು ಎನಿಸಿತು. ದಾದಾನಿಗೆ ಹೇಳಿದೆ. ಬರುವುದಿಲ್ಲ ಎಂದರು, ಮೊಣಕಾಲು ಎಂದರು. ಆಮೇಲೆ ತಾವೇ ಬೆಳಿಗ್ಗೆ ಎದ್ದು ಟೋಪಿ ಹಾಕಿಕೊಂಡು ಕೂತಿದ್ದರು. ಕೊಡೇಕಲ್, ಹುಣಸಗಿ, ಸುರಪುರ, ಶಹಾಪುರ, ಜೇವರ್ಗಿ. ಭೀಮೆಯ ಸೇತುವೆ ದಾಟುವಾಗ ದಾದಾ ಕಿಟಕಿಯಿಂದ ನೀರು ನೋಡಿದರು. ಕೃಷ್ಣೆಯಷ್ಟಿಲ್ಲ ಎಂದರು. ದಾರಿಯಲ್ಲಿ ನಾನು ಓದಿದ್ದನ್ನೆಲ್ಲ ಹೇಳಿದೆ, ಹೊರಸಿನ ಹಗ್ಗದ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು.

ಉರುಸಿನ ದಿನವಲ್ಲ, ಜನ ಕಡಿಮೆ ಇದ್ದರು. ಕುಂಕುಮ ಹಚ್ಚಿಕೊಂಡ ಒಂದು ಕುಟುಂಬ ಮಗುವನ್ನು ಎತ್ತಿಕೊಂಡು ನಮ್ಮ ಮುಂದೆ ಹೋಯಿತು. ಒಳಗೆ ಗೋಡೆ, ಛಾವಣಿಯ ಮೇಲೆಲ್ಲ ಬಣ್ಣದ ಕೆಲಸ, ಕನ್ನಡಿ ಕೆಲಸ. ದಾದಾ ಫಾತಿಹಾ ಓದಿದರು. ಏನು ಕೇಳಿಕೊಂಡರೋ ಗೊತ್ತಿಲ್ಲ. ಹೊರಗೆ ಬಂದು ಅಂಗಳದಲ್ಲಿ ಕುಳಿತ ಮೇಲೆ, ಒಳಗೆ ಹೊದಿಸಿದ್ದ ಒಂದು ಚಾದರದ ಅಂಚಿನ ಹೊಲಿಗೆ ಸರಿಯಿಲ್ಲ, ಟಾಕಿ ದೊಡ್ಡದಾಗಿದೆ, ದುಡ್ಡು ತೆಗೆದುಕೊಂಡು ಹೀಗೆ ಹೊಲಿಯಬಾರದು ಎಂದರು. ಬಹಳ ದಿನಗಳ ನಂತರ ಅವರು ಹೊಲಿಗೆಯ ಮಾತಾಡಿದ್ದು ಅಂದೇ.

ಆಗ ನಾನು ಕಫನ್ ವಿಷಯ ತೆಗೆದೆ. ಹೆದರಿಕೆಯಾಯಿತು ಎಂದು ಹೇಳಿದೆ. ದಾದಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ದಾದಿ ಹೋದ ರಾತ್ರಿ ಕಫನ್ ಬಟ್ಟೆಗಾಗಿ ಅಬ್ಬಾ ಹನ್ನೊಂದು ಗಂಟೆಗೆ ಮುಚ್ಚಿದ ಅಂಗಡಿಯ ಬಾಗಿಲು ಬಡಿಯಬೇಕಾಯಿತಂತೆ. ದರ್ಜಿಯ ಮನೆಯಲ್ಲಿ ನಾಲ್ಕು ಗಜ ಬಿಳಿ ಬಟ್ಟೆ ಇರಲಿಲ್ಲ ಎಂದು ಅವರಿಗೆ ಅವಮಾನವಾಗಿತ್ತು. ತನ್ನ ಸಲ ಮಗ ಹಾಗೆ ಓಡಬಾರದು ಎಂದು ತಂದಿಟ್ಟದ್ದು. ಅಷ್ಟೇ. ಸಾಯಲು ಅವಸರವೇನೂ ಇಲ್ಲ ಎಂದರು. ಅಲ್ಲಾಹನಿಗೂ ಅವಸರವಿದ್ದಂತೆ ಕಾಣುವುದಿಲ್ಲ ಎಂದು ಸೇರಿಸಿದರು. ನಾನು ಮೊಬೈಲಿನಲ್ಲಿ ಅವರ ವಯಸ್ಸನ್ನು ಹಿಜರಿಗೆ ಲೆಕ್ಕ ಹಾಕಿ ತೋರಿಸಿದೆ. ಎಪ್ಪತ್ತೊಂಬತ್ತು ದಾಟಿತ್ತು. ಒಂದು ಬಸ್ ಪ್ರಯಾಣದಲ್ಲಿ ಎರಡು ವರ್ಷ ಜಾಸ್ತಿ ಮಾಡಿದೆಯಲ್ಲ ಎಂದು ಬೈದರು.

ಮೇ ತಿಂಗಳ ಕೊನೆಯಲ್ಲಿ ಪಕ್ಕದ ಮನೆಯವರು ಮಕ್ಕಳ ಸಮವಸ್ತ್ರದ ಬಟ್ಟೆ ತಂದು ಅಬ್ಬಾನ ಹತ್ತಿರ ಯಾರಾದರೂ ದರ್ಜಿ ಇದ್ದಾರೆಯೇ ಎಂದು ಕೇಳಿದರು. ದಾದಾ ಹೊರಸಿನ ಮೇಲಿಂದಲೇ ಟೇಪು ಕೇಳಿದರು. ಮಷೀನಿನ ಮೇಲಿನ ಬಟ್ಟೆ ತೆಗೆದು, ಎಣ್ಣೆ ಬಿಟ್ಟು, ಒಂದು ಅಂಗಿಗೆ ಮೂರು ದಿನ ತೆಗೆದುಕೊಂಡರು. ಮೊದಲು ದಿನಕ್ಕೆ ಐದು ಹೊಲಿಯುತ್ತಿದ್ದರು. ಟ್ರಂಕು ಮೊದಲಿನ ಜಾಗದಲ್ಲೇ ಇದೆ. ಅದರ ಮೇಲೆ ಈಗ ಕತ್ತರಿ, ಚಾಕು, ಗುಂಡಿಯ ಡಬ್ಬಿ ಇಟ್ಟುಕೊಂಡಿದ್ದಾರೆ. ಕಣ್ಣಿನದೊಂದೇ ತೊಂದರೆ. ಗುಂಡಿ, ಕಾಜಾದ ಕೈಹೊಲಿಗೆಗೆ ಸೂಜಿಗೆ ದಾರ ಹಾಕಲು ನಾನು ಕಾಲೇಜಿನಿಂದ ಬರುವವರೆಗೆ ಕಾಯುತ್ತಿದ್ದರು. ಹಾಗಾಗಿ ಈಗ ಬೆಳಿಗ್ಗೆ ಹೊರಡುವ ಮುಂಚೆ ಐದು ಸೂಜಿಗಳಿಗೆ ದಾರ ಪೋಣಿಸಿ, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತೇನೆ.